ತಳ್ಳಿದರಷ್ಟೇ ಏಳುವ ಟ್ರ್ಯಾಕ್ಟರು

ಚಿಕ್ಕಪಡಸಲಗಿಯ ಗಂಡಸರ ತೊಡೆ ನೋಡಿದವರು ಇವರೆಲ್ಲ ಯಾವುದೋ ಗರಡಿಮನೆಯ ಪೈಲ್ವಾನರು ಅಂದುಕೊಳ್ಳುತ್ತಾರೆ. ಗರಡಿಯೂ ಇಲ್ಲ, ಗಿರಡಿಯೂ ಇಲ್ಲ. ಅದೆಲ್ಲ ಜಕ್ಕಪ್ಪನ ಸಣ್ಣ ಟ್ರ್ಯಾಕ್ಟರನ್ನು ತಳ್ಳಿ ತಳ್ಳಿ ಬಂದ ಬಲ. ಕಬ್ಬಿನ ಎರಡು ಸಾಲಿನ ನಡುವೆ ನುಸುಳುವಂಥ, ಮುಧೋಳ ನಾಯಿಯ ನಡುವಿನಂಥ ನಡುವಿದ್ದ ಹಳೆಯ ಟ್ರ್ಯಾಕ್ಟರು ಅದು. ಆದರೆ ಮುಧೋಳ ನಾಯಿ ಮೊಲ ಕಂಡರೆ ತಾನಾಗಿ ಎದ್ದು ಓಡುತ್ತದೆ. ಇದು ಹಿಂದಿನಿಂದ ನಾಲ್ಕು ಮಂದಿ ಹೆಗಲು ಕೊಡದೆ ಏಳುತ್ತಿರಲಿಲ್ಲ. ಚಾವಿ ತಿರುವಿದರೆ ಹೊಟ್ಟೆಯೊಳಗೆ ‘ಟಕ್’ ಅಂತ ಒಂದು ಸದ್ದು. ಮುದುಕನೊಬ್ಬ ಅಡಿಕೆ ಕಡಿಯಲು ಹೋಗಿ ಇದ್ದೊಂದು ಹಲ್ಲೂ ಮುರಿದುಕೊಂಡಂಥ ಸದ್ದು. ಆಮೇಲೆ ಮೌನ.

ಅದಕ್ಕೇ ಜಕ್ಕಪ್ಪ ಅದನ್ನು ಮನೆಯ ಮಗ್ಗುಲಿನ ದಿನ್ನೆಯ ಮೇಲೆ ನಿಲ್ಲಿಸಿ ಗಾಲಿಗೆ ಕಲ್ಲು ಕೊಡುತ್ತಿದ್ದ. ಬೆಳಿಗ್ಗೆ ಕಲ್ಲು ತೆಗೆದು, ಇಳುಕಲಿಗೆ ಬಿಟ್ಟು, ಗೇರು ಹಾಕಿದರೆ ಗುಡುಗಿಕೊಂಡು ಚಾಲೂ ಆಗುತ್ತಿತ್ತು. ಆ ಗುಡುಗು ಕೇಳಿ ಹೊಳೆಯಾಚೆಯ ಮಂದಿ ಒಣಹಾಕಿದ ಜೋಳ ಒಳಗೆ ತರುತ್ತಿದ್ದರು. ಒಮ್ಮೆ ಚಾಲೂ ಆಯಿತೆಂದರೆ ಸಂಜೆಯವರೆಗೆ ಬಂದ್ ಮಾಡುವಂತಿಲ್ಲ. ಜಕ್ಕಪ್ಪ ಊಟಕ್ಕೆ ಕೂತರೂ ಅದು ಪಕ್ಕದಲ್ಲಿ ಗುಡುಗುಡು ಅನ್ನುತ್ತ ಡೀಸೆಲ್ ಕುಡಿಯುತ್ತಲೇ ಇರಬೇಕು. ಸಮತಟ್ಟು ನೆಲದಲ್ಲಿ ಎಂಜಿನ್ ಬಂದ್ ಮಾಡುವುದು ಆ ಮನೆಯಲ್ಲಿ ದೀಪ ಆರಿಸಿದಷ್ಟೇ ದೊಡ್ಡ ಅಪಶಕುನ.

ಇದೆಲ್ಲದರ ನಡುವೆ ಸಿಕ್ಕಿಕೊಂಡವಳು ಮನೆಯ ಸೊಸೆ ಭಾಗ್ಯಾ. ಗಂಡ ಮಹಾಲಿಂಗ ಬನಹಟ್ಟಿಯಲ್ಲಿ ಮಗ್ಗದ ಕೆಲಸಕ್ಕಿದ್ದ. ಮಾವನ ಮೊಣಕಾಲು ಕ್ಲಚ್ ತುಳಿದು ತುಳಿದು ಸವೆದಿತ್ತು. ಹಾಗಾಗಿ ಟ್ರ್ಯಾಕ್ಟರು ಹೊಡೆಯುವುದನ್ನು ಅವಳೇ ಕಲಿತಳು. ಕಲಿತಳು ಅಂದರೆ ಹಂಗಿಂಗಲ್ಲ. ಕಬ್ಬಿನ ಸಾಲಿನಲ್ಲಿ ಅವಳು ಹಾಯ್ದು ಹೋದದ್ದು ಗರಿಗೂ ಗೊತ್ತಾಗುತ್ತಿರಲಿಲ್ಲ. ಗರಿಯ ಮೇಲೆ ಮೊಟ್ಟೆಗೆ ಕೂತ ಹಕ್ಕಿ ಮಗ್ಗುಲು ಸಹ ಬದಲಿಸುತ್ತಿರಲಿಲ್ಲ.

ಅವಳ ಕೈಚಳಕ ನೋಡಿದ ಶಂಕರೆಪ್ಪ, ತನ್ನ ಕಬ್ಬಿಗೆ ಮಣ್ಣು ಏರಿಸಲು ಅವಳನ್ನೇ ಕರೆದಿದ್ದ. ಒಂದು ಮಾತನ್ನೂ ಸೇರಿಸಿದ್ದ.

“ಬಾರವ್ವಾ, ಕೆಲಸಾ ಬೇಕಾದಷ್ಟ ಐತಿ. ನಮ್ಮದು ಮುಗೀತಂದ್ರ ಬಾಜೂ ತೋಟದವರೂ ಕಾಯಾಕತ್ತಾರ. ಆದ್ರ ನಿನ್ನ ಗಾಡಿ ತಳ್ಳಾಕ ನನ್ನ ಆಳ ಕೇಳಬ್ಯಾಡ. ನನ್ನ ಹೊಲಾ ಅಂಗೈ ಇದ್ದಾಂಗ ಐತಿ, ದಿನ್ನಿ ಗಿನ್ನಿ ಏನಿಲ್ಲ.”

ನಾಲ್ವರು ಗಂಡಸರನ್ನು ಹಿಂದೆ ಕಟ್ಟಿಕೊಂಡು ಕೆಲಸಕ್ಕೆ ಹೋಗುವುದು ಯಾವ ಹೆಂಗಸಿಗೆ ಆದೀತು? ಅತ್ತ ಮುಧೋಳದ ಬಾಳಾಸಾಹೇಬ, ಹಳೆಯ ಗಾಡಿ ಕೊಂಡು ಬಿಚ್ಚಿ ಮಾರುವವನು, ಆ ಟ್ರ್ಯಾಕ್ಟರಿನ ಮೇಲೆ ಕಣ್ಣಿಟ್ಟಿದ್ದ. ತಳ್ಳುವವರ ಬೈಗುಳ ಕೇಳಿ ಸಾಕಾಗಿದ್ದ ಜಕ್ಕಪ್ಪ ಅವನಿಗೆ ಮಾತು ಕೊಟ್ಟುಬಿಟ್ಟ. “ಈ ಅಮಾಸಿ ಪೂಜಿ ಆಗಲಿ. ಚಾವಿಗೆ ಎದ್ದರ ನಮ್ಮದು, ಏಳಲಿಲ್ಲಂದ್ರ ನಿಮ್ಮದು.” ಜಕ್ಕಪ್ಪನ ಮಾತೆಂದರೆ ಕೃಷ್ಣೆಗೆ ಕಟ್ಟಿದ ಒಡ್ಡು. ಕಲ್ಲು ಹೊತ್ತು ಆ ಒಡ್ಡು ಕಟ್ಟಿದವರಲ್ಲಿ ತಾನೂ ಒಬ್ಬ ಎಂದು ಹೇಳಿಕೊಳ್ಳುತ್ತಿದ್ದ. ದಿನ ಕಳೆದಂತೆ ಅವನು ಹೊತ್ತ ಕಲ್ಲುಗಳು ದೊಡ್ಡವಾಗುತ್ತ ಹೋಗಿ ಈಗೀಗ ಆನೆಯಷ್ಟಾಗಿದ್ದವು.

ಭಾಗ್ಯಾ ಕೈಕಟ್ಟಿ ಕೂರಲಿಲ್ಲ. ಚಾವಿ ತಿರುವಿದಾಗ ಎಂಜಿನ್ ತಿರುಗಿಸುವ ಸ್ಟಾರ್ಟರನ್ನು ಬಿಚ್ಚಿಸಿ ಚೀಲದಲ್ಲಿ ಹಾಕಿಕೊಂಡು ಜಮಖಂಡಿಯ ಬಸ್ಸು ಹತ್ತಿದಳು. ಅಲ್ಲಿನ ಮೆಕ್ಯಾನಿಕ್ ಹುಲೆಪ್ಪ ಅದನ್ನು ಬ್ಯಾಟರಿಗೆ ಹಚ್ಚಿದ್ದೇ ತಡ, ಅದು ಕುಣಿದು ಮೇಜಿನಿಂದ ಹಾರಿ, ಚಹಾದ ಕಪ್ಪು ಉರುಳಿಸಿ, ರಸ್ತೆಯ ಆಟೋ ಒಂದನ್ನು ಬೆನ್ನಟ್ಟಿತು ಅನ್ನುತ್ತಾರೆ. ಆದರೂ ಇರಲೆಂದು ಹುಲೆಪ್ಪ ಅದರೊಳಗಿನ ಕಾರ್ಬನ್ ಬದಲಿಸಿದ, ಬುಶ್ ಬದಲಿಸಿದ. ಮನೆಗೆ ತಂದು ಕೂರಿಸಿದರೆ ಮತ್ತೆ ‘ಟಕ್’. ಮತ್ತೆ ಒಯ್ದಳು, ಅಲ್ಲಿ ಮತ್ತೆ ಕುಣಿತ. ಬ್ಯಾಟರಿ ಹೊಸದು ಹಾಕಿದ್ದಾಯಿತು. ಟಕ್.

ಹುಲೆಪ್ಪನೇ ಒಮ್ಮೆ ಊರಿಗೆ ಬಂದಿದ್ದ. ಟ್ರ್ಯಾಕ್ಟರಿನ ಮುಂಭಾಗಕ್ಕೆ ಕೈ ಹಾಕಹೋದಾಗ ಜಕ್ಕಪ್ಪ ತಡೆದ. “ಏ, ಅಲ್ಲಿ ಮುಟ್ಟಬ್ಯಾಡೋ. ಅದು ಪೂಜಿ ಜಾಗಾ. ನಿನ್ನ ಕೈಯಾಗ ಗ್ರೀಸ್ ಐತಿ.” ಹುಲೆಪ್ಪ ಕೈ ಹಿಂದೆಗೆದು, ಚಹಾ ಕುಡಿದು, ಹೋದ.

ಅಮಾವಾಸ್ಯೆ ಬಂತು. ಬಾಳಾಸಾಹೇಬನ ಟೆಂಪೋ ಅದಕ್ಕಿಂತ ಮೊದಲೇ ಬಂತು. ಪೂಜೆಗೆಂದು ಅಂಗಳಕ್ಕೆ ಇಳಿಸಿದ್ದ ಟ್ರ್ಯಾಕ್ಟರಿನ ಮುಂದೆ ಇಬ್ಬರು ಆಳುಗಳು ಹಗ್ಗ ಬಿಚ್ಚತೊಡಗಿದರು. ಆ ಹಗ್ಗವೋ, ಅದರಲ್ಲಿ ಇಡೀ ಜಮಖಂಡಿಯ ಗುಡ್ಡ ಕಟ್ಟಿ ಎಳೆಯಬಹುದಿತ್ತು.

“ಗಡಬಡಿ ಇಲ್ಲ, ಜಕ್ಕಪ್ಪ ಕಾಕಾ. ನಿಮ್ಮ ಪೂಜಿ ಸಾವಕಾಶ ಆಗಲಿ,” ಅಂದ ಬಾಳಾಸಾಹೇಬ, ಕಟ್ಟೆಯ ಮೇಲೆ ಕೂತು. ಕಣ್ಣು ಮಾತ್ರ ಗಾಲಿಯಿಂದ ಗಾಲಿಗೆ ಹರಿದಾಡುತ್ತಿತ್ತು.

ಅತ್ತೆ ಲಗಮವ್ವ ಆರತಿ ತಾಟು ತಂದು ಸೊಸೆಯ ಪಕ್ಕ ನಿಂತಳು. ಸೊಸೆಯ ಮುಖ ನೋಡಿ ತಡೆಯಲಾರದೆ, “ಆ ಸ್ಟಾರ್ಟರ್ ನೋಡವ್ವಾ, ಥೇಟ್ ಕೆಲವು ಸೊಸೆಯಂದ್ರ ಹಂಗ,” ಅಂದಳು. “ತವರಮನ್ಯಾಗ ಕುಣದಾಡತೈತಿ, ನಮ್ಮನಿಗೆ ಬಂದ ಕೂಡ್ಲೆ ಮಾರಿ ಊದಸ್ತೈತಿ.”

ನಗಿಸಬೇಕೆಂದು ಆಡಿದ ಮಾತು. ಭಾಗ್ಯಾ ನಗಲಿಲ್ಲ. ಅರಿಷಿಣ ಭಂಡಾರದ ಬಟ್ಟಲು ಹಿಡಿದು ಅತ್ತೆಯತ್ತ ತಿರುಗಿದಳು.

“ಅತ್ತೀ, ಹಂಗಾರ ತಪ್ಪು ಸೊಸೀದಲ್ಲ.”

“ಮತ್ತ ಯಾರದು?”

“ತವರಾಗ ಛಲೋ ಇದ್ದಾಕಿ ಇಲ್ಲಿ ಬಂದು ಮಾತಾಡವಲ್ಲಳಂದ್ರ, ಈ ಮನ್ಯಾಗನ ಏನೋ ಐತಿ.”

ಲಗಮವ್ವನ ಹುಬ್ಬು ಮೇಲೇರಿತು. ಮಾತು ಟ್ರ್ಯಾಕ್ಟರಿನದೋ ತನ್ನದೋ ಎಂದು ಅವಳು ಲೆಕ್ಕ ಹಾಕುವಷ್ಟರಲ್ಲಿ ಜಕ್ಕಪ್ಪ ಸೀಟು ಹತ್ತಿದ್ದ. “ಭಂಡಾರ ಹಚ್ಚವ್ವಾ ಭಾಗ್ಯಾ. ನಾ ಕಡೀಕೊಮ್ಮೆ ಚಾವಿ ತಿರುವಿ ನೋಡ್ತೇನಿ. ಮನಿದೇವ್ರು ಬೀರಪ್ಪನ ಮನಸಿನ್ಯಾಗ ಇದ್ದರ ಏಳತೈತಿ.”

ಟ್ರ್ಯಾಕ್ಟರಿನ ಮುಂದಿನ ಜಾಲರಿಯನ್ನು ಬಹಳ ಹಿಂದೆ ಎಮ್ಮೆಯೊಂದು ಒದ್ದು ಕೆಡವಿತ್ತು. ಅಲ್ಲಿ ಬ್ಯಾಟರಿಯ ಕೆಳಗೆ, ದಪ್ಪ ಕರಿ ವಾಯರಿನ ತುದಿಯನ್ನು ಕಬ್ಬಿಣದ ಮೈಗೆ ಬಿಗಿದ ಒಂದು ದುಂಡನೆಯ ಬೋಲ್ಟು ಬಯಲಾಗಿತ್ತು. ಜಕ್ಕಪ್ಪನಿಗೆ ಅದು ಟ್ರ್ಯಾಕ್ಟರಿನ ಹಣೆಯ ಹಾಗೆ ಕಂಡಿತ್ತು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಆ ಬೋಲ್ಟಿಗೇ ಬೀರಪ್ಪನ ಭಂಡಾರ, ಎಂದರೆ ಅರಿಷಿಣ ಪುಡಿ. ಅದರ ಮೇಲೆ ಎಣ್ಣೆ. ಅದರ ಮೇಲೆ ಒಡೆದ ತೆಂಗಿನಕಾಯಿಯ ನೀರು. ತೊಳೆಯುವಾಗ ಟ್ರ್ಯಾಕ್ಟರೆಲ್ಲ ತೊಳೆದರೂ ಅಷ್ಟು ಜಾಗ ಬಿಡುತ್ತಿದ್ದರು. ಈಗ ಬೋಲ್ಟು ಕಾಣುತ್ತಲೇ ಇರಲಿಲ್ಲ. ಅಲ್ಲೊಂದು ಹಳದಿ ಹುತ್ತವಿತ್ತು. ಇನ್ನೊಂದಿಷ್ಟು ಬೆಳೆದಿದ್ದರೆ ಹಾವು ಬಂದು ಬಾಡಿಗೆಗೆ ಕೇಳುತ್ತಿತ್ತು.

ಭಾಗ್ಯಾ ಹೆಬ್ಬೆರಳಿನಿಂದ ಭಂಡಾರ ಒತ್ತಿದಳು. ಜಕ್ಕಪ್ಪ ಚಾವಿ ತಿರುವಿದ. ಟಕ್. ಹಠ ಹಿಡಿದು ಮತ್ತೆ ತಿರುವಿದ, ಮತ್ತೆ, ಮತ್ತೆ. ಟಕ್, ಟಕ್, ಟಕ್.

ಭಾಗ್ಯಾ ಸರಕ್ಕನೆ ಕೈ ಹಿಂದಕ್ಕೆಳೆದಳು. ಹೆಬ್ಬೆರಳಿಗೆ ರೊಟ್ಟಿಯ ಹಂಚು ಮುಟ್ಟಿದಂತಾಗಿತ್ತು. ಮೆಲ್ಲಗೆ ಪಕ್ಕದ ಕಬ್ಬಿಣ ಮುಟ್ಟಿದಳು, ತಣ್ಣಗಿತ್ತು. ವಾಯರಿನ ಇನ್ನೊಂದು ತುದಿ ಮುಟ್ಟಿದಳು, ಅದೂ ತಣ್ಣಗೆ. ಸುಡುತ್ತಿದ್ದದ್ದು ಆ ಹಳದಿ ಹುತ್ತ ಒಂದೇ. ಕಾಲುವೆಗೆ ನೀರು ಬಿಟ್ಟಾಗ ಕಸ ಕಟ್ಟಿದಲ್ಲೇ ನೀರು ಉಬ್ಬಿ ನಿಲ್ಲುವುದನ್ನು ಅವಳು ದಿನಾ ನೋಡಿದವಳು. ಬ್ಯಾಟರಿಯಿಂದ ಹೊರಟ ಕರೆಂಟೂ ಈ ಹುತ್ತದ ಕಸಕ್ಕೆ ಸಿಕ್ಕು ನಿಂತಿತ್ತು.

“ಮಾವಾರ, ಕೆಳಗ ಇಳೀರಿ. ನನಗೊಂದು ಕಸಾ ತಗಿಯೂ ಕುರಪಿ ಬೇಕು, ಬೋಲ್ಟ್ ಬಿಚ್ಚೂ ಪಾನಾ ಬೇಕು.”

“ಯಾಕ?”

“ಈ ಭಂಡಾರ ಕೆರೀಬೇಕು.”

ಕಟ್ಟೆಯ ಮೇಲೆ ಬಾಳಾಸಾಹೇಬ ಚಹಾ ನುಂಗುವುದನ್ನು ನಿಲ್ಲಿಸಿದ. ಮರದ ಮೇಲಿನ ಕಾಗೆಗಳೂ ಕೂಗು ನಿಲ್ಲಿಸಿದವು. ಜಕ್ಕಪ್ಪ ನಿಧಾನಕ್ಕೆ ಕೆಳಗಿಳಿದ. “ಬೀರಪ್ಪನ ಭಂಡಾರ ಕುರಪೀಲೆ ಕೆರೀತೀ? ಟ್ರ್ಯಾಕ್ಟರ್ ಹೋದರ ಹೋಗಲಿ. ಇದು ಆಗೂದಿಲ್ಲ.”

ಹಗ್ಗ ಹಿಡಿದ ಆಳುಗಳು ಒಂದು ಹೆಜ್ಜೆ ಮುಂದೆ ಬಂದರು. ಆಗ ಲಗಮವ್ವ ತಾಟನ್ನು ಕಟ್ಟೆಯ ಮೇಲೆ ಇಟ್ಟು, ಟ್ರ್ಯಾಕ್ಟರಿನ ಮುಂದೆ ಕೂತು, ಸೆರಗು ಹರವಿದಳು.

“ನೆಲಕ್ಕ ಬಿದ್ದರ ತಪ್ಪು. ನನ್ನ ಸೆರಗಿನ್ಯಾಗ ಬೀಳಲಿ. ಕೆರಿಯವ್ವಾ.”

“ಏ ಲಗಮೀ,” ಅಂದ ಜಕ್ಕಪ್ಪ.

“ಏನ್ರೀ. ಭಂಡಾರ ಹಾರಸ್ತಾರ, ಹಣಿಗೆ ಹಚ್ಕೋತಾರ. ಬೋಲ್ಟಿನ ಬುಡಕ ಹೂಳ್ತಾರೇನು? ಬೀರಪ್ಪ ಹೊರಗ ಬರಾಕ ದಾರಿ ಇಲ್ದ ಒಳಗ ಸಂಕಟ ಪಡಾಕತ್ತಾನ. ನಿಮ್ಮ ಭಕ್ತಿಗೆ ಒಂದಿಷ್ಟು ಗಾಳಿ ಆಡಲಿ.”

ಜಕ್ಕಪ್ಪ ರುಮಾಲು ತೆಗೆದು ತಲೆ ಕೆರೆದುಕೊಂಡ. ಅದನ್ನು ಒಪ್ಪಿಗೆ ಎಂದು ತಿಳಿದ ಭಾಗ್ಯಾ ಒಳಗೋಡಿ ಕುರಪಿ, ಪಾನಾ ತಂದು ಕೆರೆಯತೊಡಗಿದಳು.

ಹಳದಿ ಕಳಚಿತು, ಅದರ ಕೆಳಗೆ ಕಂದು, ಅದರ ಕೆಳಗೆ ಹಸಿರು, ಅದರ ಕೆಳಗೆ ತುಕ್ಕು. ಲಗಮವ್ವನ ಸೆರಗು ತುಂಬಿತು. ಊರಿಗೆಲ್ಲ ಮದುವೆಯ ಅರಿಷಿಣ ಮಾಡಿಸಿದರೂ ಮಿಗುತ್ತಿತ್ತು. ಭಾಗ್ಯಾ ಬ್ಯಾಟರಿಯ ವಾಯರು ಬಿಡಿಸಿ, ಬೋಲ್ಟು ಬಿಚ್ಚಿ, ಪೂಜೆಗೆ ತಂದ ನಿಂಬೆಹಣ್ಣನ್ನೇ ಹೆಚ್ಚಿ ವಾಯರಿನ ತುದಿಯ ಕಿವಿಗೆ ತಿಕ್ಕಿದಳು. ತನ್ನ ಸೆರಗಿನ ತುದಿಯಿಂದ ಒರೆಸಿದಳು. ಕುರಪಿಯಿಂದ ಕಬ್ಬಿಣದ ಮೈ ಹೊಳೆಯುವಷ್ಟು ಕೆರೆದಳು. ಎಷ್ಟು ಹೊಳೆಯಿತೆಂದರೆ ಬಾಳಾಸಾಹೇಬನ ಆಳೊಬ್ಬ ಅದರಲ್ಲಿ ಮೀಸೆ ತೀಡಿಕೊಂಡ. ಆಮೇಲೆ ಎಲ್ಲ ಕೂಡಿಸಿ, ಪಾನಾ ಹಾಕಿ, ಹಲ್ಲು ಕಚ್ಚಿ ಬಿಗಿದಳು. ಬ್ಯಾಟರಿಗೆ ವಾಯರು ಮತ್ತೆ ಹಚ್ಚಿ ಸೀಟು ಹತ್ತಿದಳು.

ಅವಳು ಸೀಟು ಹತ್ತಿದ್ದು ನೋಡಿದ್ದೇ ತಡ, ಜಕ್ಕಪ್ಪ ರೂಢಿಯಂತೆ ಹಿಂದೆ ಹೋಗಿ ಹೆಗಲು ಕೊಟ್ಟ. ಬೀದಿಯಲ್ಲಿ ಹಾಯುತ್ತಿದ್ದ ಇಬ್ಬರು ಕೈಯ ಚೀಲ ಇಟ್ಟು ಬಂದು, ಕೇಳದೆಯೇ ಹೆಗಲು ಕೊಟ್ಟರು. ಆ ಊರಿನಲ್ಲಿ ಅದೊಂದು ಉಸಿರಾಟದಂತೆ.

ಭಾಗ್ಯಾ ಕಣ್ಣು ಮುಚ್ಚಿ ಚಾವಿ ತಿರುವಿದಳು.

ಟಕ್ ಅನ್ನಲಿಲ್ಲ. ‘ಗರ್ರ್’ ಅಂದಿತು, ಒಂದು ಉಸಿರು ಎಳೆದುಕೊಂಡಿತು, ಮತ್ತೆ ‘ಗರ್ರ್’ ಅಂದು ಗುಡುಗಿತು. ಕ್ಲಚ್ ಬಿಟ್ಟದ್ದೇ ಟ್ರ್ಯಾಕ್ಟರು ಮುಂದೆ ಜಿಗಿಯಿತು. ಹೆಗಲಿಗೆ ಆಸರೆ ತಪ್ಪಿದ ಮೂವರೂ ಅಂಗಳದ ಮಣ್ಣಿಗೆ ಸಾಷ್ಟಾಂಗ ಬಿದ್ದರು. ಬೀರಪ್ಪನಿಗೆ ಅಷ್ಟು ಭಕ್ತಿಯ ನಮಸ್ಕಾರ ಆ ವರ್ಷ ಯಾರೂ ಹಾಕಿರಲಿಲ್ಲ.

ಲಗಮವ್ವ ಸೆರಗಿನ ಭಂಡಾರವನ್ನು ಹಿಡಿ ಹಿಡಿಯಾಗಿ ಹಾರಿಸಿದಳು. ಟ್ರ್ಯಾಕ್ಟರಿಗೆ, ಸೊಸೆಗೆ, ಮಣ್ಣು ಕೊಡವಿಕೊಳ್ಳುತ್ತಿದ್ದ ಗಂಡನಿಗೆ, ಬಾಳಾಸಾಹೇಬನ ಬಿಳಿ ಅಂಗಿಗೂ.

“ಇದನ್ನ ಮೊದಲ ಕೆರ್ದಿದ್ರ ನಾ ಡೀಸೆಲ್ ಸುಟ್ಟು ಇಲ್ಲೀತನಕ ಬರ್ತಿದ್ದಿಲ್ಲಲ್ಲ, ಕಾಕಾ,” ಅಂದ ಬಾಳಾಸಾಹೇಬ, ಅಂಗಿ ಝಾಡಿಸುತ್ತ.

“ಪೂಜಿಗೆ ಬಂದೀರಿ. ಪ್ರಸಾದ ತಗೊಂಡು ಹೋಗ್ರಿ,” ಅಂದ ಜಕ್ಕಪ್ಪ. “ಮುಂದಿನ ಅಮಾಸಿಯಿಂದ ಭಂಡಾರ ಬಾನೆಟ್ಟಿನ ಮ್ಯಾಲ. ನಾ ಮೊದಲಿಂದಲೂ ಅದನ್ನ ಅನ್ನಾಕತ್ತೇನಿ.”

ಹಾಗೆ ಅವನು ಅಂದದ್ದನ್ನು ಕೇಳಿದವರು ಯಾರೂ ಇಲ್ಲ.

ಮರುದಿನ ಶಂಕರೆಪ್ಪನ ಹೊಲದಲ್ಲಿ ಭಾಗ್ಯಾ ಒಬ್ಬಳೇ ಮಣ್ಣು ಏರಿಸಿದಳು. ಒಬ್ಬಳೇ ಅನ್ನುವುದು ಪೂರ್ತಿ ಖರೆಯಲ್ಲ. ಬದುವಿನ ಆಚೆ, ಕಬ್ಬಿನ ಮರೆಯಲ್ಲಿ, ಬೇಕಾದೀತೆಂದು ಮೂವರನ್ನು ಕರೆದುಕೊಂಡು ಬಂದ ಜಕ್ಕಪ್ಪ ತೋಳು ಮಡಚಿಕೊಂಡು ಕುಕ್ಕರಗಾಲಿನಲ್ಲಿ ಕೂತಿದ್ದ. ಅವನ ತಲೆಯ ಹಳದಿ ರುಮಾಲು ಮೈಲಿ ದೂರಕ್ಕೆ ಕಾಣುತ್ತಿತ್ತು. ಭಾಗ್ಯಾ ನೋಡಿಯೂ ನೋಡದವಳಂತಿದ್ದಳು.

ಹೊತ್ತು ನೆತ್ತಿಗೇರಿತು. ಹೊಲದ ನಟ್ಟನಡುವೆ, ಅಂಗೈಯಂಥ ಸಮತಟ್ಟು ನೆಲದಲ್ಲಿ ಅವಳು ಟ್ರ್ಯಾಕ್ಟರು ನಿಲ್ಲಿಸಿದಳು. ಕೈ ಮುಂದೆ ಚಾಚಿ ಎಂಜಿನ್ ಬಂದ್ ಮಾಡಿದಳು. ಬದುವಿನ ಆಚೆಯಿಂದ ಯಾರೋ ಎದೆ ಹಿಡಿದುಕೊಂಡು ‘ಅಯ್ಯೋ’ ಅಂದಂಥ ಒಂದು ಸದ್ದು ಬಂತು.

ಅಷ್ಟು ನಿಶ್ಶಬ್ದದಲ್ಲಿ ಆ ಮನೆಯವರು ಯಾರೂ ಎಂದೂ ಬುತ್ತಿ ಬಿಚ್ಚಿರಲಿಲ್ಲ. ಕಬ್ಬಿನ ಗರಿ ಸರಸರ ಅನ್ನುವುದು ಕೇಳುತ್ತಿತ್ತು. ಭಾಗ್ಯಾ ರೊಟ್ಟಿ ಮುರಿದಳು, ಶೇಂಗಾ ಚಟ್ನಿ ಹಚ್ಚಿಕೊಂಡಳು, ಸಾವಕಾಶ ಉಂಡಳು, ನೀರು ಕುಡಿದಳು. ಹಳದಿ ರುಮಾಲು ಬದುವಿನ ಮೇಲೆ ಎದ್ದಿತು, ಕೂತಿತು, ಮತ್ತೆ ಎದ್ದಿತು.

“ಮಾವಾರ,” ಎಂದು ಅವಳು ಕೂಗಿ ಹೇಳಿದಳು, “ರೊಟ್ಟಿ ಉಳದಾವು, ಬರ್ರಿ. ತಳ್ಳೂ ಕೆಲಸಾ ಏನಿಲ್ಲ.”

ಅಂದವಳೇ ಸೆರಗು ಸಿಕ್ಕಿಸಿಕೊಂಡು ಸೀಟು ಹತ್ತಿ ಚಾವಿ ತಿರುವಿದಳು. ಗುಡುಗಿದ ಸದ್ದಿಗೆ ಹೊಳೆಯಾಚೆಯ ಮಂದಿ ಒಣಹಾಕಿದ ಜೋಳ ಒಳಗೆ ತಂದರು.