ಹೊಗೆ ವಾಸನೆಯ ಶರ್ಟು

ಬೇಸಿಗೆಗೆ ಮುಂಚೆ ರಾಷ್ಟ್ರೀಯ ಉದ್ಯಾನದ ಕಾಡಿನ ಒಣಹುಲ್ಲನ್ನು ತಾನೇ ಸುಟ್ಟು, ಮುಂದೆ ಬರಬಹುದಾದ ದೊಡ್ಡ ಬೆಂಕಿಯನ್ನು ಉಪವಾಸ ಕೆಡವುವುದು ಅರಣ್ಯಾಧಿಕಾರಿಯಾದ ಅವನ ಕೆಲಸ. ಸುಟ್ಟ ಮೇಲೆ ಪ್ರತಿ ಮರದ ಬೊಡ್ಡೆಗೂ ಕೈಯ ಹಿಂಬದಿ ತಾಗಿಸಿ, ತಣ್ಣಗಿದ್ದರೆ ಮಾತ್ರ ‘ಆರಿದೆ’ ಎಂದು ಸಹಿ ಹಾಕಬೇಕು. ಶುಕ್ರವಾರ ಅವನು ನಲವತ್ತು ಬೊಡ್ಡೆ ಮುಟ್ಟಿದ. ತಂಗಿಯ ಮನೆಯ ಹಿತ್ತಲ ಬೇಲಿಗೆ ಹತ್ತಿರವಿದ್ದ ಕೊನೆಯದನ್ನು ಮಾತ್ರ ದೂರದಿಂದ ನೋಡಿ ಸಹಿ ಹಾಕಿದ. ಹೊಟ್ಟೆ ಹಸಿದಿತ್ತು, ಬೊಡ್ಡೆಯೂ ಸಾಧುವಾಗಿ ಕಾಣುತ್ತಿತ್ತು.

ಭಾನುವಾರ ಗಾಳಿ ಎದ್ದಿತು. ಮನಸ್ಸು ತಡೆಯದೆ ಅವನು ಹುಲ್ಲು ಸುಡುವಾಗ ತೊಡುತ್ತಿದ್ದ ಹಳೇ ಶರ್ಟಿನಲ್ಲೇ ತಂಗಿಯ ಮನೆಗೆ ಹೊರಟ. ‘ಸುಮ್ಮನೆ ಬಂದೆ’ ಎಂದ.

“ಭಾವ, ನೀವು ಗೇಟು ದಾಟೋಕೆ ಮೊದಲೇ ನಿಮ್ಮ ವಾಸನೆ ಒಳಗೆ ಬಂದು ಕೂತಿರುತ್ತೆ,” ಎಂದು ತಂಗಿಯ ಗಂಡ ನಕ್ಕ.

“ಮೊದಲು ಅದನ್ನ ಬಿಚ್ಚು, ಸೋಫಾ ಎಲ್ಲ ಹೊಗೆ,” ಎಂದು ತಂಗಿ ಗಂಡನ ಹೊಸ ಶರ್ಟೊಂದನ್ನು ಕೊಟ್ಟಳು. ಹಿತ್ತಲಿಗೆ ಹೋಗಿ ನೋಡಬೇಕೆಂದುಕೊಂಡವನನ್ನು ಹಿಡಿದು ಊಟಕ್ಕೆ ಕೂರಿಸಿದಳು. ಬೇಡವೆಂದರೆ ಕಾರಣ ಹೇಳಬೇಕಾಗುತ್ತಿತ್ತು.

ಎರಡನೇ ಸಲ ಅನ್ನ ಬಡಿಸುವಾಗ ಅವಳು ಮೂಗರಳಿಸಿದಳು. “ಏನೋ ಹೊಗೆ ವಾಸನೆ ಅಲ್ವಾ?”

“ನನ್ನ ಶರ್ಟು ಕಣೇ, ಇನ್ನೇನು,” ಎಂದ, ಹತ್ತು ವರ್ಷದ ಅಭ್ಯಾಸದಿಂದ.

“ಅದು ಆಗಲೇ ಬಕೆಟ್ಟಲ್ಲಿ ನೆನೀತಿದೆ, ಅಣ್ಣಾ. ಈಗ ಹಾಕ್ಕೊಂಡಿರೋದು ಹೊಸದು.”

ಅವನ ಕೈ ತಟ್ಟೆಯಲ್ಲೇ ನಿಂತಿತು. “ಮಕ್ಕಳನ್ನ ಕರ್ಕೊಂಡು ರಸ್ತೆಗೆ ಹೋಗಿ. ಈಗಲೇ,” ಎಂದು ಎಂಜಲು ಕೈಯಲ್ಲೇ ಹಿತ್ತಲಿಗೆ ಓಡಿದ.

ಬೇಲಿ ತಲುಪಿದಾಗ ಬೊಡ್ಡೆಯನ್ನು ಮುಟ್ಟಿ ನೋಡುವ ಅಗತ್ಯವಿರಲಿಲ್ಲ.