ಕಾಂಡಿ ತೀರುವ ಮೊದಲು

ಯಡ್ರಾವದ ಸಪನಾಳ ಕಿವಿ ಒಂದೇ ಒಂದು ಮಾತಿಗೆ ಕಾದಿತ್ತು: "ಮುಂದ?" ಅದನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ, ನೋಡಿ.

ಬೆಳಿಗ್ಗೆ ಅವಳಿಗೆ ಮಗ್ಗದ ಲಾಳಿಯಲ್ಲಿ ಕೂರುವ ಕಾಂಡಿಗೆ ನೂಲು ಸುತ್ತುವ ಕೆಲಸ. ಮಧ್ಯಾಹ್ನ ಉಂಡ ಮೇಲೆ ಫೋನಿನಲ್ಲಿ ಕಥೆ ಬರೆಯುವ ಕೆಲಸ. ಎರಡನೆಯದಕ್ಕೆ ಯಾರೂ ಪಗಾರ ಕೊಡುವುದಿಲ್ಲ, ಆದರೂ ಜೀವವೆಲ್ಲ ಅದರಲ್ಲೇ. ಕನ್ನಡ ಕಥೆಗಳ ಆ್ಯಪಿನಲ್ಲಿ ಅವಳ ಧಾರಾವಾಹಿಯ ಮೊದಲ ಅಧ್ಯಾಯವನ್ನು ಇನ್ನೂರು ಜನ ಓದಿದ್ದರು. ಆರನೆಯದಕ್ಕೆ ಉಳಿದವರು ಹನ್ನೊಂದು ಜನ. ಅವರಲ್ಲೊಬ್ಬ ಗಂಡ ಅವಿನಾಶ. ಪ್ರತಿ ಸಲವೂ "ಚಲೋ ಐತಿ" ಎನ್ನುತ್ತಿದ್ದ. ಅವಳು ಮಾಡಿದ ಬೇಳೆ ಸಾರಿಗೂ ಅದನ್ನೇ ಎನ್ನುತ್ತಿದ್ದ. ಏಳನೆಯದಕ್ಕೂ ಯಾರೂ ಮುಂದೇನೆಂದು ಕೇಳದಿದ್ದರೆ ಬರೆಯುವುದನ್ನೇ ಬಿಟ್ಟುಬಿಡುವುದೆಂದು ಅವಳು ಮನಸ್ಸು ಗಟ್ಟಿ ಮಾಡಿಕೊಂಡಳು.

ತಪ್ಪು ಅವಳ ಅಚ್ಚುಕಟ್ಟುತನದ್ದೇ. ಜೋತುಬಿದ್ದ ಎಳೆ ಕಂಡರೆ ಅವಳಿಗೆ ಕೈ ತುರಿಸುತ್ತದೆ. ಹಾಗಾಗಿ ಪ್ರತಿ ಅಧ್ಯಾಯದ ಕೊನೆಗೆ ಜಗಳಾಡಿದವರು ಒಂದಾಗುತ್ತಿದ್ದರು, ಕಳೆದ ಓಲೆ ಸಿಗುತ್ತಿತ್ತು, ಎಲ್ಲರೂ ಉಂಡು ಮಲಗುತ್ತಿದ್ದರು. ಓದುಗರೂ ಮಲಗುತ್ತಿದ್ದರು, ಪಾಪ. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರಲ್ಲ, ತನ್ನ ಅಧ್ಯಾಯಗಳು ಎಷ್ಟು ಪೂರ್ತಿಯಾಗಿವೆ ಎಂದು ಅವಳು ಹಿಗ್ಗುತ್ತಿದ್ದಳು.

ಏಳನೆಯದನ್ನು ಹಾಕುವ ಮೊದಲು, ಭಾನುವಾರ, ಅತ್ತೆ ದುಂಡವ್ವನ ಮುಂದೆ ಓದಲು ಕೂತಳು. ಮೂವತ್ತು ವರ್ಷ ಮಗ್ಗ ನಡೆಸಿದ ದುಂಡವ್ವನಿಗೆ ಓದು ಬರದು. ಕಥೆ ಕೇಳಿದರೆ ಗೊರಕೆ ಬರುತ್ತದೆ. ಅವತ್ತು ಗಡಹಿಂಗ್ಲಜಕ್ಕೆ ಮಗಳ ಮನೆಗೆ ಹೊರಡುವ ಅವಸರ ಬೇರೆ. ಕಥೆಯ ಹುಡುಗಿ ತವರಿಗೆ ಓಡಿಬಂದು ಮುಚ್ಚಿದ ಬಾಗಿಲ ಮುಂದೆ ನಿಂತಿದ್ದಳು. ಒಳಗೆ ಅಪ್ಪನ ಕೆಮ್ಮು ಕೇಳುತ್ತಿತ್ತು. ಅಷ್ಟರಲ್ಲಿ ಅವಿನಾಶ ಗಾಡಿ ತಂದು ಹಾರ್ನ್ ಹೊಡೆದ. ದುಂಡವ್ವ ಚೀಲ ಎತ್ತಿಕೊಂಡು ನಡೆದೇಬಿಟ್ಟಳು. ಸಪನಾಳಿಗೆ ಅಳುವೇ ಬಂತು. ಆ ಅಧ್ಯಾಯವನ್ನು ಆ್ಯಪಿಗೆ ಹಾಕುವ ಮನಸ್ಸೂ ಆಗಲಿಲ್ಲ.

ಮರುದಿನ ಬೆಳಿಗ್ಗೆ ಚಹಾ ಸೋಸುವಾಗ ಅತ್ತೆಯ ಫೋನು. ನಲ್ಲಿಗೆ ನೀರು ಬಂತೇ, ಹಾಲಿಗೆ ಹೆಪ್ಪು ಹಾಕಿದೆಯಾ, ಎಲ್ಲ ವಿಚಾರಿಸಿದ್ದಾಯಿತು. ಆದರೂ ಮುದುಕಿ ಫೋನು ಇಡಲೊಲ್ಲಳು.

"ಆ ಹುಡಗಿಗಿ ಅವರಪ್ಪ ಬಾಗಲಾ ತಗದನೋ ಇಲ್ಲೋ?"

ಸಪನಾಳಿಗೆ ಕುಣಿಯುವಷ್ಟು ಸಂತೋಷವಾಯಿತು. ತೆಗೆದ, ಊಟಕ್ಕೂ ಬಡಿಸಿದ ಎನ್ನಲು ಬಾಯಿ ತೆರೆದವಳು ನಾಲಿಗೆ ಕಚ್ಚಿಕೊಂಡಳು.

"ಅತ್ತಿ, ನೀವು ಕಾಂಡಿ ಪೂರಾ ತೀರಿದ ಮ್ಯಾಲ ಬದಲಿ ಮಾಡ್ತಿದ್ರೇನ್ರಿ?"

"ಹುಚ್ಚಿ, ಇನ್ನ ನಾಕ ಸುತ್ತ ನೂಲ ಇದ್ದಾಗ ಬದಲಿ ಮಾಡಬೇಕ. ತೀರೂತನಾ ಬಿಟ್ರ ನೇದ ಅರಿವ್ಯಾಗ ಅಡ್ಡ ಪಟ್ಟಿ ಬೀಳತೈತಿ."

"ಹಂಗಾದ್ರ ಬಾಗಲಾ ತಗದದ್ದು ಗುರುವಾರ, ಮುಂದಿನ ಅಧ್ಯಾಯದಾಗ ಹೇಳ್ತೇನ್ರಿ."

ದುಂಡವ್ವ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಸಪನಾ ಕೂತವಳೇ ಬಾಗಿಲು ತೆಗೆದಲ್ಲಿಂದ ಮುಂದಿನದನ್ನೆಲ್ಲ ಕತ್ತರಿಸಿ ಎಂಟನೆಯದಕ್ಕೆ ಎತ್ತಿಟ್ಟಳು. ಕೆಮ್ಮಿನ ಸದ್ದಿಗೇ ಏಳನೆಯದನ್ನು ನಿಲ್ಲಿಸಿ ಆ್ಯಪಿಗೆ ಹಾಕಿದಳು. ಸಂಜೆಯೊಳಗೆ ಇಬ್ಬರು ಓದುಗರು ಸಿಟ್ಟಾಗಿದ್ದರು: ಹೆಣ್ಣುಮಗಳನ್ನು ಹೀಗೆ ಬಾಗಿಲಲ್ಲಿ ನಿಲ್ಲಿಸಿ ಹೋಗುವುದೇ? ಆ ಸಿಟ್ಟನ್ನು ಅವಳು ಮೂರು ಸಲ ಓದಿಕೊಂಡು ಖುಷಿಪಟ್ಟಳು.

ಎಂಟು ದಿನ ಇರುತ್ತೇನೆಂದು ಹೋಗಿದ್ದ ದುಂಡವ್ವ ಬುಧವಾರವೇ ಬಂದಿಳಿದಳು. ಗಡಹಿಂಗ್ಲಜದ ನೀರು ಒಗ್ಗಲಿಲ್ಲವಂತೆ. ಕೈಯಲ್ಲಿನ ಚೀಲವನ್ನು ಇನ್ನೂ ಕೆಳಗಿಟ್ಟಿರಲಿಲ್ಲ.

"ಮುಂದ?" ಎಂದಳು.