ನೋಡದೆ ಎಸೆದ ತಟ್ಟೆ

ಸೊಲ್ಲಾಪುರದ ವಿಜಾಪುರ ರಸ್ತೆಯ ಒಂದು ಪ್ರಯೋಗಾಲಯದಲ್ಲಿ ಸಾರಿಕಾಳ ಕೆಲಸವೆಂದರೆ ಕರುಳು ಬೆಳೆಸುವುದು. ದವಾಖಾನೆಯಲ್ಲಿ ಹೊಟ್ಟೆಗೆ ದುರ್ಬೀನು ಹಾಕಿಸಿಕೊಂಡವರು ಒಪ್ಪಿ ಕೊಟ್ಟ ಕರುಳಿನ ಚೂರು, ಜೋಳದ ಕಾಳಿಗಿಂತ ಸಣ್ಣದು, ಅವಳ ಕೈಗೆ ಬರುತ್ತಿತ್ತು. ಅದನ್ನು ವಾರಗಟ್ಟಲೆ ಸಾಕಿದರೆ ತಟ್ಟೆಯಲ್ಲಿ ಕರುಳಿನ ಒಳಪೊರೆಯಂತೆ ಹರಡಿಕೊಳ್ಳುತ್ತಿತ್ತು. ಆಮೇಲೆ ಅದರ ಮೇಲೆ ಹೊಸ ಔಷಧ ಬಿಡಬೇಕು. ಪೊರೆ ತಡೆದುಕೊಂಡರೆ ಗುಳಿಗೆ ಮನುಷ್ಯರ ಪರೀಕ್ಷೆಗೆ ಹೋಗುತ್ತದೆ. ಹರಿದರೆ ಅಲ್ಲಿಗೇ ನಿಲ್ಲುತ್ತದೆ.

ಕೀಲುನೋವಿನ ಗುಳಿಗೆಯೊಂದನ್ನು ಅವಳು ಹನ್ನೊಂದು ಜನರ ಪೊರೆಯ ಮೇಲೆ ನೋಡಿದಳು. ಹತ್ತಕ್ಕೆ ಏನೂ ಆಗಲಿಲ್ಲ. ಅಕ್ಕಲಕೋಟೆ ಕಡೆ ಕುರಿ ಸಾಕುವ ಗುರುಬಾಯಿ ಎಂಬವಳದು ಮಾತ್ರ ತಡವಾಗಿ ಬಂದಿದ್ದರಿಂದ ತಟ್ಟೆಗಳನ್ನು ಬೆಚ್ಚಗಿಡುವ ಬೇರೊಂದು ಪೆಟ್ಟಿಗೆಯಲ್ಲಿತ್ತು. ಔಷಧ ಬಿಟ್ಟ ಮೂರನೆಯ ದಿನ ನೋಡಿದರೆ ಜಾಳುಜಾಳಾಗಿ ತೂತು ಬಿದ್ದಿತ್ತು. ಹಿಂದಿನ ಸಂಜೆ ಫೋನಿನಲ್ಲಿ ಮಾತಾಡುತ್ತ ಆ ಪೆಟ್ಟಿಗೆಯ ಬಾಗಿಲನ್ನು ಸರಿಯಾಗಿ ಹಾಕದೆ ಮನೆಗೆ ಹೋಗಿದ್ದವಳು ಸಾರಿಕಾಳೇ. ಆದರೆ ಗುರುಬಾಯಿಯದೇ ಪೊರೆಯಿದ್ದ, ಔಷಧ ಬಿಡದ ಜೋಡಿ ತಟ್ಟೆ ಅದೇ ಪೆಟ್ಟಿಗೆಯಲ್ಲಿ, ಅದೇ ತಣುವಿನಲ್ಲಿ ಗಟ್ಟಿಯಾಗಿಯೇ ಇತ್ತು. ಹರಿದದ್ದು ತಣುವಿಗಲ್ಲ, ಔಷಧಕ್ಕೆ ಎಂಬುದು ಸಾರಿಕಾಳ ಕಣ್ಣಿಗೆ ಬಿತ್ತು. ಬಿದ್ದೂ, ಬಾಗಿಲ ವಿಷಯ ಹೊರಬಿದ್ದೀತೆಂಬ ಅಂಜಿಕೆಗೆ, 'ಮಾದರಿ ಕೆಟ್ಟಿದೆ' ಎಂದು ಬರೆದು ಎರಡನ್ನೂ ಕಸಕ್ಕೆ ಹಾಕಿದಳು.

ಐದು ತಿಂಗಳ ಮೇಲೆ ಒಂದು ಮುಂಜಾನೆ ಪ್ರಯೋಗಾಲಯದ ಮುಖ್ಯಸ್ಥ ಧನರಾಜ ಅವಳ ಮೇಜಿನ ಹತ್ತಿರ ಬಂದು ನಿಂತರು.

"ಆ ಕೀಲುನೋವಿನ ಗುಳಿಗಿ ಪರೀಕ್ಷಾಕ್ಕ ತಗೊಂಡವರಾಗ ರೇವಣ್ಣ ಅಂತ ಒಬ್ಬಾಂವಗ ಕರುಳಿನಾಗ ತೂತು ಬಿದ್ದು ರಕ್ತ ಸೋರೈತಿ. ಆಪರೇಷನ್ ಮಾಡ್ಯಾರ. ನಮ್ಮ ತಟ್ಟ್ಯಾಗ ಒಂದರೆ ಸುಳಿವು ಸಿಗಬೇಕಿತ್ತಲ್ಲ ಸಾರಿಕಾ?"

"ಸಿಕ್ಕಿತ್ರಿ ಸರ್," ಅಂದಳು. "ನಾನ ಒಗದೆ."

ಪೂರ್ತಿ ಕೇಳಿ ಅವರು ಬೈಯಲಿಲ್ಲ. ಅವಳೆದುರಿಗೇ ಕಂಪನಿಗೆ ಫೋನು ಮಾಡಿ ಗುಳಿಗೆ ನಿಲ್ಲಿಸಲು ಹೇಳಿದರು. ಖಾತ್ರಿಯಾಗಬೇಕಾದರೆ ಗುರುಬಾಯಿಯಿಂದಲೇ ಇನ್ನೊಂದು ಚೂರು ಬೇಕಿತ್ತು. "ದವಾಖಾನಿಯವರಿಗೆ ನಾ ಹೇಳ್ತೀನಿ. ನೀ ಹೋಗಿ ಕೇಳು. ಖರೇ ಹೇಳಿ ಕೇಳು," ಅಂದರು.

ಗುರುಬಾಯಿ ಹಟ್ಟಿಯ ಮುಂದೆ ಮರಿಯೊಂದರ ಕಾಲಿಗೆ ಅರಿಶಿನ ಹಚ್ಚುತ್ತ ಕೂತಿದ್ದಳು. ಸಾರಿಕಾ ಬಾಗಿಲಿನಿಂದ ಹಿಡಿದು ಕಸದ ಡಬ್ಬಿಯವರೆಗೂ ಒಂದೂ ಬಿಡದೆ ಹೇಳಿ, ಇನ್ನೊಂದು ಚೂರು ಕೇಳಿದಳು.

"ಮತ್ತ ಹೊಟ್ಟ್ಯಾಗ ಆ ದುರ್ಬೀನಿನ ನಳಗಿ ಹಾಕಸ್ಕೋಬೇಕಂತಿ?"

"ಹೌದ್ರಿ ಮಾವಶಿ. ನೀವು ಒಲ್ಲೆ ಅಂದ್ರೂ ನಡೀತೈತಿ."

ಗುರುಬಾಯಿ ಮರಿಯನ್ನು ಕೆಳಗೆ ಬಿಟ್ಟಳು. "ನಮ್ಮದೊಂದು ಕುರಿ ಸತ್ತರ ಹೊಟ್ಟಿ ಸೀಳಿ ನೋಡ್ತೀವಿ ತಂಗಿ. ಯಾಕ ಸತ್ತತಿ ಅಂತ ತಿಳೀಬೇಕಲ್ಲ, ಹಿಂಡು ಉಳೀಬೇಕಲ್ಲ. ನೀ ಇಷ್ಟು ಸಾಲಿ ಕಲತು ನೋಡದ ಹುಗದಿ."

ಗುರುಬಾಯಿ ಮರಿಯನ್ನು ಮತ್ತೆ ಎತ್ತಿಕೊಂಡಳು.

"ಸೋಮಾರ ಬರ್ತೀನಿ. ನಿನ್ನ ಸಲುವಾಗಿ ಅಲ್ಲ. ಆ ಬ್ಯಾನಿ ಬಿದ್ದಾಂವನ ಸಲುವಾಗಿ."

ಬಂದಳು. ಹೊಸ ಪೊರೆಯನ್ನು ಬೆಳೆಸಿದ್ದು ಬೇರೆಯವರು; ಸಾರಿಕಾಳನ್ನು ಆ ಕೆಲಸದಿಂದ ತೆಗೆದು ಗಾಜುಸಾಮಾನು ತೊಳೆಯುವ ಕಡೆ ಹಾಕಿದ್ದರು. ಬಾಗಿಲು ಭದ್ರವಾಗಿತ್ತು, ಪೆಟ್ಟಿಗೆ ಬೆಚ್ಚಗಿತ್ತು. ಮೂರನೆಯ ದಿನ ಪೊರೆ ಹಾಗೆಯೇ ಹರಿಯಿತು. ಕೆಲವರ ಕರುಳಿಗೆ ಆ ಗುಳಿಗೆ ಆಗದು ಎಂದು ತೀರ್ಮಾನವಾಗಿ, ಪರೀಕ್ಷೆ ಪೂರ್ತಿ ಮುಚ್ಚಿತು. ಉಳಿದವರು ಬಚಾವಾದರೆಂದು ಎಲ್ಲರೂ ನಿಟ್ಟುಸಿರು ಬಿಟ್ಟರು. ಸಾರಿಕಾಳಿಗೆ ಆ ಮಾತು ಒಳಗೆ ಇಳಿಯಲಿಲ್ಲ.

ಧನರಾಜರ ಒಪ್ಪಿಗೆ ಪಡೆದು ಅವಳು ರೇವಣ್ಣ ಇದ್ದ ದವಾಖಾನೆಗೆ ಹೋದಳು. ಅವನಿಗೆ ಗೇಣುದ್ದ ಕರುಳು ಕತ್ತರಿಸಿದ್ದರು. ವಾರಗಳಾದರೂ ಗಾಯ ಪೂರ್ತಿ ಮಾಯದೆ, ಹಾಸಿಗೆಯಲ್ಲಿ ಒರಗಿ ಗಂಜಿ ಕುಡಿಯುತ್ತಿದ್ದ. ನರ್ಸಬಾಯಿಯೆಂದು ತಿಳಿದು, "ಊಟ ಯಾವಾಗ ಮಾಡಲಿಕ್ಕೆ ಬಿಡ್ತೀರಿ?" ಎಂದು ಕೇಳಿದ. ಅವಳು ತಾನು ಯಾರೆಂದು ಹೇಳಿದಳು. ಮಾಡಿದ್ದನ್ನೂ ಹೇಳಿದಳು.

ಅವನು ಬಟ್ಟಲು ಕೆಳಗಿಟ್ಟು ಅವಳ ಕೈಗಳನ್ನೇ ನೋಡಿದ. "ಹೇಳಿದ್ದು ಚಲೋ ಆತು," ಅಂದ. "ಈಗ ಹೋಗ್ರಿ. ನನಗ ನಿಮ್ಮ ಮಾರಿ ನೋಡಲಿಕ್ಕೆ ಆಗವಲ್ದು."

ಅವನು ಗೋಡೆಯ ಕಡೆ ಹೊರಳಿದ. ಕ್ಷಮಿಸಿರಿ ಎನ್ನಬೇಕೆಂದು ಬಾಯಿಗೆ ಬಂದದ್ದನ್ನು ಸಾರಿಕಾ ನುಂಗಿಕೊಂಡಳು. ಕ್ಷಮೆ ಕೇಳಿದರೆ, ಇಷ್ಟು ಕಳೆದುಕೊಂಡವನಿಗೆ ಇನ್ನೂ ಏನೋ ಕೊಡು ಎಂದಂತಾದೀತು ಎನಿಸಿತು. ಚಪ್ಪಲಿ ಸಪ್ಪಳವಾಗದಂತೆ ಮೆಲ್ಲಗೆ ಹೊರಗೆ ನಡೆದಳು.